ತಿರುವಿನಿಂದ ಒಂದು ಕೂ

ಯಾರ ಶಾಪವೋ ಏನೋ, ಒಂದೇ ವಿಡಿಯೊವನ್ನು ಬೇಕೆಂದವರಿಗೆಲ್ಲ ಒಟ್ಟಿಗೆ ಕಳಿಸುವ ಮಲ್ಟಿಕಾಸ್ಟ್ ಎಂಬ ಪೀಡೆ ನನ್ನ ತಲೆಗೆ ಹತ್ತಲೇ ಇಲ್ಲ. ನೆಟ್‌ವರ್ಕಿಂಗ್ ಲ್ಯಾಬ್ ಪರೀಕ್ಷೆಯಲ್ಲಿ ಅದರಿಂದಲೇ ಒಮ್ಮೆ ಮುಗ್ಗರಿಸಿದ್ದೆ. ಈ ಸಲವೂ ಹೋದರೆ ಕೆಲಸ ಮರೆತುಬಿಡಿ ಎಂದು ಆಲೂರಿನಲ್ಲಿ ನಾನು ದುಡಿಯುತ್ತಿದ್ದ ಇಂಟರ್‌ನೆಟ್ ಆಫೀಸಿನವರು ನಗುನಗುತ್ತಲೇ ಹೇಳಿದ್ದರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಾಳ್ಳುಪೇಟೆಯಿಂದ ಒಳಗೆ ನಡೆದು ಒಂದು ತಿರುವು ದಾಟಿದರೆ ನಮ್ಮ ಮನೆ. ಕಾಫಿ ಮೂಟೆ ಇಡುವ ಸ್ಟೋರ್‌ನಲ್ಲಿ ಹಳೆಯ ರೂಟರ್‌ಗಳನ್ನು ಜೋಡಿಸಿಕೊಂಡು ಓದುತ್ತಿದ್ದೆ. ನನಗೆ ಅರ್ಥವಾಗದ್ದು ಇಷ್ಟೇ: ಈ ವಿಡಿಯೊ ಯಾರಿಗಾದರೂ ಬೇಕೇ ಎಂದು ರೂಟರ್ ಆಗಾಗ ಎಲ್ಲ ಕಂಪ್ಯೂಟರ್‌ಗಳನ್ನೂ ಕೇಳುತ್ತದೆ. ಬೇಕೆನ್ನುವವು ಎಷ್ಟಿದ್ದರೂ ಉತ್ತರ ಬರುವುದು ಒಂದರಿಂದ ಮಾತ್ರ. ಉಳಿದವಕ್ಕೇನು ಬಾಯಿ ಬಿದ್ದುಹೋಗಿದೆಯೇ?

ಮೂಟೆಗೆ ಒರಗಿ ನನ್ನ ಗೊಣಗಾಟ ಕೇಳುತ್ತಿದ್ದ ಅವ್ವ ಅಂದಳು: "ಅಯ್ಯೋ, ಅದ್ಕೇನೇ? ತೋಟದಿಂದ ಬರೋರ್ಗೆ ನಾವು ಕೂ ಹಾಕಲ್ವಾ? ಗುಂಪಲ್ಲಿ ಒಬ್ರು ಓ ಅಂದ್ರೆ ಮಿಕ್ಕೋರು ಸುಮ್ನಿರ್ತಾರೆ. ಎಲ್ರೂ ಕಿರುಚಿದ್ರೆ ಕಿವಿ ಹೋಯ್ತದೆ ಕಣೇ."

ಆನೆ ಓಡಾಡುವ ಊರು ನಮ್ಮದು. ಕತ್ತಲಾಗುವ ಹೊತ್ತಿಗೆ ಮನೆಯವರು ಗೇಟಿನಿಂದ ಕೂ ಹಾಕುತ್ತಾರೆ. ದಾರಿಯಲ್ಲಿರುವವರು ಓಗೊಟ್ಟರೆ ಸರಿ, ಇಲ್ಲದಿದ್ದರೆ ಟಾರ್ಚ್ ಹಿಡಿದು ಹುಡುಕಲು ಹೊರಡುತ್ತಾರೆ. ಅಷ್ಟು ಪುಸ್ತಕ ಹೇಳಲಾರದ್ದನ್ನು ಅವ್ವ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು! ಅವಳನ್ನು ತಬ್ಬಿಕೊಂಡೆ.

ಪರೀಕ್ಷೆಗೆಂದು ಬೆಂಗಳೂರಿಗೆ ಹೊರಟಾಗ ಅವ್ವ ಹೇಳಿದಳು: "ಪಾಸಾಗಿದ್ರೆ ತಿರುವಿಂದ್ಲೇ ಕೂ ಹಾಕು. ಇಲ್ದಿದ್ರೆ ಬಾಯ್ಮುಚ್ಕೊಂಡು ಬಾ, ನಾನೇನೂ ಕೇಳಲ್ಲ."

ಕೆಟ್ಟಿರುವ ನೆಟ್‌ವರ್ಕ್‌ನಲ್ಲಿ ತಪ್ಪು ಹುಡುಕಿ ಸರಿಪಡಿಸುವುದೇ ಪರೀಕ್ಷೆ. ಲ್ಯಾಬ್‌ನಲ್ಲಿ ನೋಡಿದರೆ ಕಂಪ್ಯೂಟರ್‌ಗಳೆಲ್ಲ ಒಂದೊಂದಾಗಿ ಉತ್ತರ ಕೊಡುತ್ತಿವೆ. ತಪ್ಪು ಸಿಕ್ಕಿತು ಎಂದು ಹಿಗ್ಗಿ ಅದರ ಬೆನ್ನು ಬಿದ್ದೆ. ಮಧ್ಯಾಹ್ನ ಕಳೆದ ಮೇಲೆ ಹೊಳೆಯಿತು, ಇದು ಈ ಪ್ರಶ್ನೋತ್ತರದ ನಿಯಮದ, ಅಂದರೆ ಪ್ರೊಟೊಕಾಲ್‌ನ, ಹೊಸ ವರ್ಷನ್; ಇದರಲ್ಲಿ ಪ್ರತಿಯೊಂದೂ ತನ್ನ ಉತ್ತರ ತಾನೇ ಕೊಡಬೇಕು. ಅವ್ವನ ಮಾತು ಸರಿಹೊಂದುವುದು ಹಳೆಯದಕ್ಕೆ. ಬೆಟ್ಟ ಅಗೆದಿದ್ದೆ, ಇಲಿಯೂ ಸಿಕ್ಕಿರಲಿಲ್ಲ. ನಿಜವಾದ ತಪ್ಪು ಎಲ್ಲಿತ್ತೋ, ಹುಡುಕಲು ಹೊತ್ತೇ ಉಳಿದಿರಲಿಲ್ಲ.

ಮಾರನೆಯ ದಿನ ಬಸ್ಸು ಆಲೂರು ದಾಟುವಾಗ ಮೇಲ್ ಬಂತು. ಫೇಲ್. ಅಳುವೂ ಬರಲಿಲ್ಲ. ಇನ್ನು ನನ್ನಿಂದ ಏನೂ ಆಗುವುದಿಲ್ಲ ಅನ್ನಿಸಿತು, ಅಷ್ಟೇ.

ಬಾಳ್ಳುಪೇಟೆಯಲ್ಲಿ ಇಳಿದಾಗ ಅಂಗಡಿಯವರು ಎಚ್ಚರಿಸಿದರು: "ನಿಮ್ ದಾರಿ ಪಕ್ಕದ ಕಾಡಲ್ಲೇ ಒಂಟಿ ಸಲಗ ಐತಂತೆ, ಹುಷಾರು ಕಣಮ್ಮ." ಬಾಯಿ ಮುಚ್ಚಿಕೊಂಡೇ ನಡೆದೆ. ತಿರುವಿಗೆ ಬರುವಷ್ಟರಲ್ಲಿ ಅವ್ವನ ಕೂ ಕೇಳಿತು. ಪಾಪ, ಕಾಯಲಾಗಲಿಲ್ಲ ಅವಳಿಗೆ. ನಾನು ಸುಮ್ಮನಿದ್ದೆ. ಇನ್ನೊಂದು ಕೂ ಬಂತು, ಈ ಸಲ ದನಿ ನಡುಗಿತ್ತು. ಆಮೇಲೆ ಗೇಟು ಕಿರುಗುಟ್ಟಿತು. ಟಾರ್ಚಿನ ಬೆಳಕು ರಸ್ತೆಗಿಳಿದು ಸಲಗವಿದ್ದ ಕಾಡಿನ ಕಡೆಗೆ ಹೊರಟಿತು.

ಕೂ ಹಾಕಿದೆ.

ಬೆಳಕು ನಿಂತಿತು. "ನಂಗೊತ್ತಿತ್ತು ಕಣೇ! ನಂಗೊತ್ತಿತ್ತು!" ಎಂದು ಅವ್ವ ಚಪ್ಪಾಳೆ ತಟ್ಟುತ್ತ ಗೇಟಿಗೆ ಮರಳಿದಳು. ತಿರುವಿನಿಂದ ಅಲ್ಲಿಯವರೆಗೆ ನಾನಿನ್ನೂ ನಡೆಯಬೇಕಿತ್ತು.