ಬೀರುವಿನಲ್ಲಿ ಕೂತ ಸವತಿ

ಇವತ್ತು ಬೆಳಿಗ್ಗೆ ಸೀರೆ ತೆಗೆಯಲು ಬೀರು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆಗೆ ನಿಮಗೆ ಮದುವೆ ಮನೆ, ಮಡಿಕೆ ಬಿಚ್ಚಿದ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ಹೈಕೋರ್ಟು ನೆನಪಾಗುತ್ತದೆ. ಯಾಕೆಂದರೆ ನಮ್ಮ ಮನೆಯಲ್ಲಿ ಗುಳಿಗೆ ಇಟ್ಟಿರುವುದು ಸೀರೆಗಳ ನಡುವೆ ಅಲ್ಲ, ಒಂದು ಹಸಿರು ಫೈಲಿನ ಸುತ್ತ. ಮೇಲಿನ ಅರೆಯಲ್ಲಿ ನನ್ನ ಧಾರೆ ಸೀರೆ ಇದ್ದ ಜಾಗದಲ್ಲಿ ಅದು ವರ್ಷಗಳಿಂದ ಆರಾಮಾಗಿ ಮಲಗಿದೆ. ಧಾರೆ ಸೀರೆ ಕೆಳಗಿನ ಅರೆಗಿಳಿದು ಹಳೆಯ ಕಂಬಳಿಗಳ ಜೊತೆ ಸಂಸಾರ ಮಾಡುತ್ತಿದೆ.

ಇಷ್ಟು ಹೇಳಿದ ಮೇಲೆ ಮುಚ್ಚಿಡುವುದೇನು. ನನಗೆ ಹೊಟ್ಟೆಕಿಚ್ಚು, ಅದೂ ಆ ಫೈಲಿನೊಳಗಿನ ಒಂದು ರಿಟ್ ಅರ್ಜಿಯ ಮೇಲೆ. ನಗುವವರು ನಗಲಿ. ಗಂಡ ಬೇರೆ ಹೆಂಗಸಿನ ಹಿಂದೆ ಹೋದರೆ ಜಗಳವಾಡಬಹುದು, ತವರಿಗೆ ಹೊರಡಬಹುದು, ನಾಲ್ಕು ಜನ ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡಿಸಬಹುದು. ಗಂಡ ಸರ್ಕಾರಿ ಆದೇಶವೊಂದರ ಹಿಂದೆ ಹೋದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಪಕ್ಕದ ಮನೆಯವಳ ಹತ್ತಿರ ಒಮ್ಮೆ ಬಾಯಿ ಬಿಟ್ಟೆ. "ಊರಿಗೋಸ್ಕರ ಓಡಾಡೋ ಗಂಡ ಸಿಕ್ಯಾನ, ಪುಣ್ಯವಂತಿ ಕಣವ್ವಾ ನೀನು" ಅಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತನ್ನು ನಾನು ನಾಲಿಗೆ ತುದಿಯಲ್ಲೇ ನುಂಗಿಕೊಂಡೆ.

ನಮ್ಮದು ಶಿಕಾರಿಪುರ ತಾಲ್ಲೂಕಿನಲ್ಲಿ ತಾಳಗುಂದಕ್ಕೆ ಹತ್ತಿರದ ಊರು. ಭತ್ತ, ಮೆಕ್ಕೆಜೋಳ, ಮನೆಗೆರಡು ಎಮ್ಮೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಊರ ಬಾಗಿಲಲ್ಲಿ ಒಂದು ದನದ ಆಸ್ಪತ್ರೆ. ಆಸ್ಪತ್ರೆಯೆಂದರೆ ದೊಡ್ಡದೇನಲ್ಲ, ಎರಡು ಕೋಣೆ, ಮುಂದೆ ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಆದರೆ ನಮ್ಮ ಎಮ್ಮೆ ಕೆಂಪಿಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡ ದಿನ ಡಾಕ್ಟರು ಅಲ್ಲಿಂದ ನಡೆದುಕೊಂಡೇ ಬಂದು ತಾಯಿ ಮಗು ಇಬ್ಬರನ್ನೂ ಉಳಿಸಿದ್ದರು. ಅಂಥ ಆಸ್ಪತ್ರೆಯನ್ನು ಹೆದ್ದಾರಿ ಪಕ್ಕದ ಬೇರೆ ಊರಿಗೆ ಸಾಗಿಸಬೇಕೆಂದು ಸರ್ಕಾರ ಆದೇಶ ಮಾಡಿತು. ಸುದ್ದಿ ಬಂದಾಗ ನಾನು ಕೊಟ್ಟಿಗೆಯಲ್ಲಿದ್ದೆ. ಸಗಣಿ ಕೈಯಲ್ಲೇ ಅಂಗಳಕ್ಕೆ ಬಂದು ಕೂಗಾಡಿದೆ. "ನೋವು ತಿಂತಾ ಬಿದ್ದಿರೋ ಎಮ್ಮೆಗೆ ಏಳು, ಬಸ್ ಹತ್ತು ಅಂತ ಹೇಳಕ್ಕಾಗತ್ತಾ? ಇದನ್ನ ಬರೆದವ್ರು ಒಂದು ದಿನ ಆದ್ರೂ ಎಮ್ಮೆ ಹಗ್ಗ ಹಿಡಿದಿದಾರಾ?" ನಮ್ಮವರು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡರು.

ಮರುದಿನ ಅವರು ಪಶು ಇಲಾಖೆಯ ಕಚೇರಿಗೆ ಹೋದರು. ಅಲ್ಲಿದ್ದ ಸಾಹೇಬರು ತಲೆ ಎತ್ತದೆಯೇ, "ಆರ್ಡರ್ ಆಗೈತ್ರೀ. ಬೇಕಾದ್ರೆ ಕೋರ್ಟಿಗೆ ಹೋಗ್ರಿ" ಅಂದರಂತೆ. ಈ ಮಾತನ್ನು ನಮ್ಮ ಕಡೆ ಎಲ್ಲ ಕಚೇರಿಗಳಲ್ಲೂ ಹೇಳುತ್ತಾರೆ. ಅದರ ಅರ್ಥ 'ಇನ್ನು ಮನೆಗೆ ಹೋಗಿ' ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮವರು ಅದನ್ನು ಸಲಹೆ ಎಂದುಕೊಂಡರು. ತಾಳಗುಂದದ ಕಲ್ಲಿನ ಮೇಲೆ ಒಂದು ಕಥೆ ಇದೆಯಲ್ಲ, ಓದಲು ಹೋದ ಊರಲ್ಲಿ ಅವಮಾನವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನದು. ಅದೇ ನೀರು ಕುಡಿದ ಪ್ರಭಾವವೋ ಏನೋ, ಇವರು ವಕೀಲರನ್ನು ಹಿಡಿದರು. ಊರಿನ ಇನ್ನಷ್ಟು ಗಂಡಸರು ಜೊತೆಗೆ ಸಹಿ ಹಾಕಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮತ್ತೆ ಹೇಳಿ ನೋಡಿದರು. ಯಾರು ಕೇಳುತ್ತಾರೆ?

ಅಲ್ಲಿಂದ ಶುರುವಾಯಿತು ನೋಡಿ ಪ್ರಣಯ. ಮದುವೆಯಾದಾಗಿನಿಂದ ಇಸ್ತ್ರಿ ಮಾಡದ ಅಂಗಿ ಹಾಕಿಕೊಂಡು ನನ್ನ ತವರು ಕುಪ್ಪಗಡ್ಡೆಗೆ ಬರುತ್ತಿದ್ದ ಮನುಷ್ಯ, ಕೋರ್ಟಿನ ಡೇಟು ಇದ್ದಾಗ ಶಿಕಾರಿಪುರದ ಇಸ್ತ್ರಿ ಅಂಗಡಿಯವರೆಗೂ ಹೋಗಿ ಅಂಗಿಗೆ ಗಂಜಿ ಹಾಕಿಸಿಕೊಂಡು ಬರುತ್ತಿದ್ದರು. ನನ್ನ ಹತ್ತಿರ "ಹೂಂ", "ಉಹೂಂ" ಎರಡೇ ಮಾತಿನಲ್ಲಿ ಸಂಸಾರ ನಡೆಸಿದವರು ಅಂಗಳದ ಮೂಲೆಯಲ್ಲಿ ನಿಂತು ಫೋನಿನಲ್ಲಿ, "ಆಯ್ತು ಮೇಡಂ, ನಿಮ್ಮ ಮಾತು ಮೀರ್ತೀನಾ ಮೇಡಂ" ಎಂದು ಜೇನು ಸುರಿಸುತ್ತಿದ್ದರು. ಮೇಡಂ ಎಂದರೆ ಬೆಂಗಳೂರಿನ ವಕೀಲೆ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಹೀಗೆ ನನಗೆ ಒಬ್ಬಳಲ್ಲ, ಇಬ್ಬರು ಸವತಿಯರು.

ಊಟಕ್ಕೆ ಕೂತರೆ ಒಂದು ಕೈ ತಟ್ಟೆಯಲ್ಲಿ, ಇನ್ನೊಂದು ಮೊಬೈಲಿನಲ್ಲಿ. ನಾಳೆ ಯಾವ ಕೇಸು ಎಷ್ಟನೆಯದಾಗಿ ಬರುತ್ತದೆ ಎಂದು ಅದರಲ್ಲಿ ಹಾಕುತ್ತಾರಂತೆ. ಒಂದು ದಿನ ಸಾರಿಗೆ ಉಪ್ಪು ಹಾಕಿಲ್ಲ ಎಂದು ಅವರಿಗೆ ಗೊತ್ತಾಗಲೇ ಇಲ್ಲ. ಬೇಕೆಂದೇ ಹಾಕಿರಲಿಲ್ಲ, ನೋಡೋಣ ಅಂತ. ಚಂದ್ರಗುತ್ತಿಗೆ ಹರಕೆ ಹೊತ್ತವಳು ನಾನು, ಅವರ ಮಂಡಿನೋವು ಹೋಗಲಿ ಎಂದು. ಬೆಟ್ಟ ಹತ್ತಿ ಅಮ್ಮನ ಮುಂದೆ ಕೈ ಮುಗಿದು ಇವರು ಕೇಳಿಕೊಂಡಿದ್ದು ಸ್ಟೇ, ಸರ್ಕಾರದ ಆದೇಶಕ್ಕೆ ತಡೆ. ಮಂಡಿ ಹಾಗೇ ಉಳಿಯಿತು, ಸ್ಟೇ ಕೂಡ ಬರಲಿಲ್ಲ. ಪ್ರತಿ ಸಲ ಸರ್ಕಾರದ ಕಡೆಯವರು ಟೈಮು ಕೇಳುತ್ತಿದ್ದರು, ಇವರು ಬಾಡಿದ ಮುಖದಲ್ಲಿ ವಾಪಸು ಬರುತ್ತಿದ್ದರು. ಅಷ್ಟರಲ್ಲಿ ಆಸ್ಪತ್ರೆಯ ಔಷಧಿಯ ಬೀರು ಆಚೆ ಊರಿಗೆ ಹೋಗಿಯಾಗಿತ್ತು, ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು. ಕಬ್ಬಿಣದ ಚೌಕಟ್ಟನ್ನು ಕೀಳುವುದೊಂದೇ ಬಾಕಿ.

ಆಮೇಲೆ ಒಂದು ದಿನ ನಮ್ಮವರು ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಎರಡೇ ದಿನಕ್ಕೆ ಡೇಟು. ಪಟ್ಟಿ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವರು ಕೊರಗಿದ್ದು ಕಾಲಿಗಲ್ಲ. "ನಮ್ಮ ಕಡೆಯವ್ರು ಯಾರೂ ಇಲ್ಲ ಅಂದ್ರೆ ಹೆಂಗೆ? ಊರೆಲ್ಲ ಕೊಯ್ಲಿಗೆ ಇಳಿದೈತೆ, ಸಹಿ ಹಾಕಿದೋರು ಒಬ್ರೂ ಖಾಲಿ ಇಲ್ಲ" ಎಂದು ಗೋಳಾಡಿದರು. ನನಗೂ ಸವತಿಯ ಮುಖ ಒಮ್ಮೆ ನೋಡಬೇಕಿತ್ತು. "ನಾನು ಹೋಗ್ತೀನಿ" ಅಂದೆ. ಕುಪ್ಪಗಡ್ಡೆಯಿಂದ ತಮ್ಮನನ್ನು ಕರೆಸಿಕೊಂಡು ಬೆಂಗಳೂರಿಗೆ ಹೊರಟೆ.

ಕೋರ್ಟಿನ ಹಾಲ್ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಕರಿ ಕೋಟುಗಳು ಮಾತ್ರ ಅಂದುಕೊಂಡಿದ್ದಕ್ಕಿಂತ ಹೆಚ್ಚು. ಮೇಡಂ ನನಗಿಂತ ಕುಳ್ಳಗಿನ, ಕಣ್ಣ ಕೆಳಗೆ ಕಪ್ಪು ಕಟ್ಟಿದ ಹೆಣ್ಣುಮಗಳು. ಕೈಚೀಲದಿಂದ ಊಟದ ಡಬ್ಬಿ ಇಣುಕುತ್ತಿತ್ತು. ನೋಡಿದೊಡನೆ ಆ ಸವತಿಯ ಮೇಲಿನ ಸಿಟ್ಟು ಇಳಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ನಮ್ಮವರ ಹೆಸರು ಕೂಗಿದರು. ಹಿಂದಿನ ಸಾಲಿನಲ್ಲಿ ನಾನು ಎದ್ದು ನಿಂತೆ. ಎದ್ದು ನಿಲ್ಲಬೇಕೋ ಬೇಡವೋ ಗೊತ್ತಿರಲಿಲ್ಲ, ಕಾಲು ತಾನೇ ನಿಂತಿತು. ಸರ್ಕಾರದ ಕಡೆಯವರು ಮತ್ತೆ ಟೈಮು ಕೇಳಿದಂತಿತ್ತು. ಮೇಡಂ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಡುವೆ ಕನ್ನಡದಲ್ಲೇ ಬಂದ ಎಮ್ಮೆ, ಬಸ್ಸು ಎರಡು ಮಾತ್ರ ನನಗೆ ತಿಳಿಯಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿ, ಪಕ್ಕದವರಿಗೆ ಏನೋ ಹೇಳಿ ಬರೆಸಿದರು. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದೇ ಹೋಯಿತು.

"ಸ್ಟೇ ಸಿಕ್ತು ಅಕ್ಕಾ. ಮುಂದಿನ ವಿಚಾರಣೆವರೆಗೆ ಆಸ್ಪತ್ರೆ ಕದಲಿಸೋ ಹಾಗಿಲ್ಲ" ಎಂದು ಮೇಡಂ ಹೊರಗೆ ಬಂದು ಹೇಳಿದರು.

"ಎಮ್ಮೆ, ಬಸ್ಸು ಅಂತ ಏನೋ ಅಂದ್ರಲ್ಲ?"

"ಅದಾ? ನಿಮ್ಮ ಯಜಮಾನ್ರು ಮೊದಲ ದಿನ ಹೇಳಿದ ಮಾತು. ನೋವು ತಿಂತಾ ಇರೋ ಎಮ್ಮೆಗೆ ಬಸ್ ಹತ್ತು ಅಂತ ಹೇಳಕ್ಕಾಗತ್ತಾ ಅಂದಿದ್ರು. ನಾನು ಮರೆತೇ ಇಲ್ಲ. ಎಷ್ಟು ಚೆನ್ನಾಗಿ ಮಾತಾಡ್ತಾರೆ ಅವ್ರು."

ನನ್ನ ಹೊಟ್ಟೆಕಿಚ್ಚು ಅಲ್ಲೇ, ಆ ಕಾರಿಡಾರಿನಲ್ಲೇ, ಮಗ್ಗುಲು ಬದಲಿಸಿತು. ಇಷ್ಟು ವರ್ಷ ಈ ಕೇಸು ನನ್ನ ಗಂಡನನ್ನು ಕಸಿದುಕೊಂಡಿತು ಎಂದು ಉರಿದುಕೊಂಡಿದ್ದೆ. ಈಗ ನೋಡಿದರೆ ಕೇಸು ನನ್ನದು, ಕಸಿದುಕೊಂಡವರು ನಮ್ಮವರು. ಎಮ್ಮೆ ನನ್ನದು, ಸಗಣಿ ನನ್ನದು, ಮಾತು ನನ್ನದು. ಕೂಗಿದ ಹೆಸರು ಮಾತ್ರ ಅವರದು. ಹಿಂದೆಂದೂ ಅವರ ಮೇಲೆ ಅಷ್ಟು ಉರಿ ಬಂದಿರಲಿಲ್ಲ.

"ಅರ್ಜಿಯಲ್ಲಿ ನನ್ನ ಹೆಸರಿದೆಯಾ?" ಎಂದು ಕೇಳಿದೆ.

"ಇಲ್ಲ ಅಕ್ಕಾ. ಬರೀ ಗಂಡಸರದ್ದೇ."

"ಸೇರಿಸಕ್ಕೆ ಬರತ್ತಾ?"

ಮೇಡಂ ನನ್ನ ಮುಖವನ್ನೇ ನೋಡಿ, "ಅದಕ್ಕೊಂದು ಅರ್ಜಿ ಹಾಕಿ ಕೇಳ್ಬೇಕು. ಕೇಳೋಣ" ಅಂದರು. ಅವರು ಕೊಟ್ಟ ಕಾಗದವನ್ನು ನಾನು ಅಲ್ಲಿಯೇ ಗೋಡೆಗೆ ಒತ್ತಿ ಸಹಿ ಹಾಕಿ ಬಂದೆ.

ಊರಿಗೆ ಬಂದಾಗ ಡೇರಿಯ ಮುಂದೆ ಹೆಂಗಸರು ನನ್ನನ್ನು ಸುತ್ತಿಕೊಂಡರು. ನಮ್ಮವರು ಕಟ್ಟೆಯ ಮೇಲೆ ಪಟ್ಟಿ ಕಾಲು ಚಾಚಿ ಕಾಯುತ್ತಿದ್ದರು.

"ನನ್ನ ಹೆಸರು ಕೂಗಿದ್ರಾ?"

"ಕೂಗಿದ್ರು."

"ಯಾರು ಎದ್ದು ನಿಂತ್ರು?"

"ನಾನು."

ಅವರು ಪಟ್ಟಿಯ ಅಂಚನ್ನು ಕೆರೆದುಕೊಂಡರು. "ನಾನು ಇಷ್ಟು ಸಲ ಹೋದೆ, ಬರೇ ಟೈಮ್ ಕೊಟ್ರು. ನೀನು ಹೋದ ದಿನಾನೇ ಸ್ಟೇ ಕೊಟ್ರು ನೋಡು" ಅಂದರು. ಆ ಮಾತಿನಲ್ಲಿ ಸಂತೋಷವಿತ್ತು, ಇಲ್ಲವೆನ್ನಲಾರೆ. ಆದರೆ ಹಾಲಿನಲ್ಲಿ ಬಿದ್ದ ಹುಳಿಯ ಹನಿ ನನಗೆ ತಿಳಿಯದೇ?

"ಎಮ್ಮೆಗೆ ಬಸ್ ಹತ್ತು ಅಂತ ಹೇಳಕ್ಕಾಗತ್ತಾ ಅಂದೋರು ಯಾರ್ರೀ?"

"ಯಾರು ಅಂದ್ರೇನು? ಮನೇ ಮಾತು ತಾನೆ."

"ಮನೇ ಮಾತಾದ್ರೆ ಮನೇರ ಹೆಸ್ರೂ ಇರ್ಲಿ ಅಂತ ಸಹಿ ಹಾಕಿ ಬಂದಿದೀನಿ."

ಅವರು ಪಕ್ಕದಲ್ಲಿದ್ದ ಚಹಾದ ಲೋಟ ಎತ್ತಿಕೊಂಡರು.

ಅದೆಲ್ಲ ಆಗಿ ಈಗ ಅವರ ಕಾಲು ನೆಟ್ಟಗಾಗಿದೆ. ನಾಳೆ ಡೇಟು. ನನ್ನ ಹೆಸರು ಸೇರಿಸುವ ಅರ್ಜಿಯೂ ನಾಳೆಯೇ ಬರುತ್ತದೆ. ಸರ್ಕಾರದವರು ಸ್ಟೇ ತೆಗೆಯಿರಿ ಎಂದು ಕೇಳಿದ್ದಾರಂತೆ. ತೆಗೆದರೆ ಚೌಕಟ್ಟು ಕೀಳುತ್ತಾರೆ. ಕೆಂಪಿ ಮತ್ತೆ ಗಬ್ಬವಾಗಿದ್ದಾಳೆ, ತಿಂಗಳು ತುಂಬುತ್ತಾ ಬಂದಿದೆ. ಬೆಳಿಗ್ಗೆ ಅವಳ ಮೈ ಸವರಿ, ಪಕ್ಕದ ಮನೆಯವಳಿಗೆ ಹಗ್ಗ ಒಪ್ಪಿಸಿ ಬಂದು ಬೀರು ತೆರೆದದ್ದು. ಫೈಲು ತೆಗೆದ ಮೇಲೆ ಮೇಲಿನ ಅರೆ ಖಾಲಿಯಾಗಿ ಕಾಣಿಸಿತು. ಧಾರೆ ಸೀರೆಯನ್ನು ಅದರ ಹಳೆಯ ಜಾಗಕ್ಕೆ ಹತ್ತಿಸೋಣ ಎಂದು ಎತ್ತಿಕೊಂಡವಳು ಮತ್ತೆ ಕೆಳಗೇ ಇಟ್ಟೆ. ವಾಪಸು ಬಂದ ಮೇಲೆ ಫೈಲಿಗೆ ಜಾಗ ಬೇಕಲ್ಲ.

ಇವರು ಗಂಜಿ ಹಾಕಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ಬಸ್ಸಿಗೆ ಹೊತ್ತಾತು. ಫೈಲ್ ಕೊಡಿಲ್ಲಿ, ನಿಂಗೆ ಭಾರ ಆಗ್ತೈತೆ" ಎಂದು ಕೈ ಚಾಚಿದರು.

"ಇರ್ಲಿ ಬಿಡಿ" ಎಂದು ನಾನು ಅದನ್ನು ಕಂಕುಳಿಗೆ ಸೇರಿಸಿಕೊಂಡೆ.

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಕಂಕುಳಲ್ಲಿದ್ದ ಫೈಲನ್ನೇ ನೋಡುತ್ತ ನಿಂತರು. ಆ ನೋಟದ ಗುರುತು ನನಗೆ ತಕ್ಷಣ ಸಿಕ್ಕಿತು. ಇಷ್ಟು ವರ್ಷ ಬೀರುವಿನ ಕನ್ನಡಿಯಲ್ಲಿ ನಾನು ನೋಡುತ್ತಿದ್ದದ್ದು ಅದನ್ನೇ.