ಮನೆ ಬಸ್ಸಿನ ಷಡ್ಡಕ

ನನ್ನ ಷಡ್ಡಕ ಗಾಡಿ ಓಡಿಸುವಾಗ ಚಪ್ಪಲಿ ಹಾಕುತ್ತಿರಲಿಲ್ಲ. ಹಸಿ ಶುಂಠಿಯ ಹಾಗೆ ಕವಲೊಡೆದ ದಪ್ಪ ಬೆರಳುಗಳು. ಹೆಬ್ಬೆರಳಂತೂ ಮಿಕ್ಕವುಗಳೊಡನೆ ಜಗಳವಾಡಿದಂತೆ ದೂರ ಚಾಚಿಕೊಂಡಿತ್ತು. ಆಕ್ಸಿಲರೇಟರನ್ನು ಆ ಹೆಬ್ಬೆರಳಿನಿಂದಲೇ ಒತ್ತುತ್ತಿದ್ದ, ತಾಳ ಹಾಕುವವನಂತೆ. ಸೈನ್ಯದ ವಾಹನ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದು ಬಂದ ನನಗೆ ಆ ಬರಿಗಾಲು ಕಂಡರೆ ಮೈ ಉರಿಯುತ್ತಿತ್ತು. ನನ್ನ ಹೆಂಡತಿಗೆ ಅದನ್ನು ಕಂಡರೆ ನಗು ಬರುತ್ತಿತ್ತು.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಶಿರಾದಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದ. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ, ಯಾವುದೋ ಶಾಲೆಯವರು ಮಾರಿದ ಹಳೆಯ ಡೀಸೆಲ್ ಮಿನಿಬಸ್ಸನ್ನು ತಂದು, ಸೀಟು ಕಿತ್ತು, ಒಳಗೆ ಮಂಚ, ಗ್ಯಾಸಿನ ಒಲೆ, ಪಾತ್ರೆಯ ಗೂಡು, ನೀರಿನ ಡ್ರಮ್ಮು ಕೂರಿಸಿದ. ಬಸ್ಸಿನ ತಲೆಯ ಮೇಲೆ ಮದುವೆ ಚಪ್ಪರದ ಹಳದಿ ಕೆಂಪು ಬಟ್ಟೆ ಕಟ್ಟಿದ. ಜನ ಅದಕ್ಕೆ ಮನೆ ಬಸ್ಸು ಎಂದು ಹೆಸರಿಟ್ಟರು. ಅಕ್ಕತಂಗಿಯರಿಬ್ಬರನ್ನೂ ಅತ್ತೆಯನ್ನೂ ಕೂರಿಸಿಕೊಂಡು ಸಿದ್ದರಬೆಟ್ಟಕ್ಕೆ ಹೋಗಿ, ಬೆಟ್ಟದ ಬುಡದಲ್ಲೇ ಅಡುಗೆ ಮಾಡಿ ಉಂಡು ಮಲಗಿ ಬರುತ್ತಿದ್ದ. ಹಿಂದಿರುಗಿದ ನನ್ನ ಹೆಂಡತಿಯ ಮುಖದಲ್ಲಿ ಒಂದು ವಾರ ಇರುತ್ತಿದ್ದ ಕಳೆ, ನಾನು ಅಚ್ಚುಕಟ್ಟಾಗಿ ನಡೆಸಿದ ಯಾವ ಪ್ರವಾಸದಿಂದಲೂ ಬಂದದ್ದಿಲ್ಲ.

ಅತ್ತೆಯ ಮನೆ ದೊಡ್ಡೇರಿ ಹತ್ತಿರದ ಹಳ್ಳಿಯಲ್ಲಿ. ದೊಡ್ಡಳಿಯನಾದ ನನಗೆ ಅಲ್ಲಿ ಮರ್ಯಾದೆಗೇನೂ ಕಡಿಮೆ ಇರಲಿಲ್ಲ. ಹೋದ ಕೂಡಲೇ ಕುರ್ಚಿ, ಕಾಲಿಗೆ ಬಿಸಿನೀರು, ಪಂಕ್ತಿಯಲ್ಲಿ ಮೊದಲ ಎಲೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೊಡ್ಡೋರ್ಗೆ ತುಪ್ಪ ಹಾಕ್ರಮ್ಮ" ಎಂದು ಮೆಲ್ಲಗೆ ಹೇಳುತ್ತಿದ್ದರು. ಷಡ್ಡಕ ಬಂದರೆ ಆ ಮೆಲುದನಿ ಎಲ್ಲಿ ಹೋಗುತ್ತಿತ್ತೋ.

"ಬಂದ್ಯಾ ಹಾಳಾದೋನೆ? ಆ ಹೊಟ್ಟೆ ನೋಡ್ಲಾ, ರಾಗಿ ಹಗೇವು ತುಂಬ್ದಂಗೈತೆ!"

"ತುಂಬ್ಸಿದ್ದು ಯಾರು? ನೀನೇ ಅಲ್ವಾ ಅತ್ತೆಮ್ಮ? ಈಗ ಬೈದ್ರೆ ಕರಗ್ತದಾ?"

ಹಾಗೆನ್ನುತ್ತಲೇ ಒಳನುಗ್ಗಿ, ಬಾಣಲೆಯಲ್ಲಿ ಹುರಿಯುತ್ತಿದ್ದ ಕಡಲೆಕಾಯಿಯನ್ನು ಬಾಯಿಗೆ ಹಾಕಿಕೊಂಡು, ಕೈಮೇಲೆ ಸೌಟಿನ ಏಟು ತಿನ್ನುತ್ತಿದ್ದ. ಒಳಗೆ ಕೂಗಾಟ, ನಗು. ಹೊರಗೆ ನಾನು, ಕುರ್ಚಿ. ಅತ್ತೆ ನನ್ನನ್ನು ಒಮ್ಮೆಯೂ ಬೈದವರಲ್ಲ. ಬೈಯುವಂಥದ್ದು ನಾನೇನೂ ಮಾಡುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚು ಈ ಸಮಜಾಯಿಷಿಯನ್ನು ಒಪ್ಪುತ್ತಿರಲಿಲ್ಲ.

ಗಾಡಿಯ ವಿಷಯದಲ್ಲಿ ಅವನದು ಒಂದೇ ಮಾತು: "ಆಮ್ಯಾಕ್ ನೋಡ್ಕಳನ ಬುಡಣ್ಣ." ಎಂಜಿನ್ ಬಿಸಿಯಾಗಲು ಶುರುವಾದಾಗ ಮಾತ್ರ ಮಧುಗಿರಿಯ ನನ್ನ ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದ. "ಯಾಕೋ ಕಾಯ್ತಾ ಐತೆ, ಒಸಿ ನೋಡಣ್ಣ" ಎಂದು ಹೇಳಿ, ಕಾಫಿಗೆಂದು ನನ್ನ ಅಡುಗೆಮನೆಗೆ ಹೋಗಿಬಿಡುತ್ತಿದ್ದ.

ನಾನು ಬಾನೆಟ್ ಎತ್ತುತ್ತಿದ್ದೆ. ಟ್ರ್ಯಾಕ್ಟರ್ ತೊಳೆಯುವ ಕಡೆ ಮುಂದಿನಿಂದ ಜೋರಾಗಿ ನೀರು ಹೊಡೆಸಿ, ರೇಡಿಯೇಟರಿನ ದೂಳನ್ನೆಲ್ಲ ಇನ್ನೂ ಒಳಕ್ಕೆ ತಳ್ಳಿಸಿಕೊಂಡು ಬಂದಿರುತ್ತಿದ್ದ. ಎಂಜಿನ್ ಪೂರ್ತಿ ತಣಿಯಬೇಕು. ಮೊದಲು ಒಣಗಿದ ಬ್ರಷ್ಷು. ನೀರು ಆಮೇಲೆ, ಅದೂ ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ. ಗಾಳಿ ಯಾವ ದಾರಿಯಲ್ಲಿ ಕಸ ತಂದಿದೆಯೋ ಅದೇ ದಾರಿಯಲ್ಲಿ ಅದನ್ನು ವಾಪಸು ಕಳಿಸಬೇಕು. ಇದನ್ನು ಅವನಿಗೆ ಎಷ್ಟೋ ಸಲ ಹೇಳಿದ್ದೆ. ನಾನು ಬಗ್ಗಿ ಉಜ್ಜುತ್ತಿದ್ದರೆ ಒಳಗಿನಿಂದ ನನ್ನ ಹೆಂಡತಿಯ ನಗು ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಕಾಫಿಗೊಂದು ಹೊತ್ತು, ಮಾತಿಗೊಂದು ಹೊತ್ತು ಇದೆ. ಅವನು ಬಂದ ದಿನ ಎರಡೂ ಇರುತ್ತಿರಲಿಲ್ಲ.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಅತ್ತೆಗೆ ತವರಿನಿಂದ ಸುದ್ದಿ ಬಂತು. ಪಾವಗಡದಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ತಮ್ಮ ಹಾಸಿಗೆ ಹಿಡಿದಿದ್ದಾನೆ, ಇನ್ನೂ ಗುರುತು ಹಿಡಿಯುತ್ತಾನೆ, ಬರುವುದಾದರೆ ಈಗಲೇ ಬರಬೇಕು ಎಂದು. ನಾನು ಕಾರು ತೊಳೆದು, ನೀರು, ಮಾತ್ರೆ ಎಲ್ಲ ಇಟ್ಟು ಸಿದ್ಧನಾದೆ. ಈ ಸಲವಾದರೂ ಅತ್ತೆಯನ್ನು ಕರೆದುಕೊಂಡು ಹೋದವನು ನಾನು ಎಂದಾಗಬೇಕು ಎಂಬುದೇ ನನ್ನ ಮನಸ್ಸಿನಲ್ಲಿದ್ದದ್ದು. ಆದರೆ ಅತ್ತೆಗೆ ಸೊಂಟ ನೋವು. ಅಷ್ಟು ದೂರ ಕೂತು ಬರುವುದು ಆಗದ ಮಾತು. ಮಲಗಿ ಹೋಗಬೇಕು. ಮನೆ ಬಸ್ಸೇ ಬರಬೇಕಾಯಿತು. ಅಕ್ಕತಂಗಿಯರು ಅತ್ತೆಯ ಮಂಚದ ಬಳಿ ಕೂತರು, ನಾನು ಅವನ ಪಕ್ಕದ ಸೀಟಿನಲ್ಲಿ ಕೂತೆ.

ಪಾವಗಡದ ದಾರಿಯಲ್ಲಿ ಒಂದು ಹಳ್ಳಿಯವರು ಟಾರು ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ಒಕ್ಕಣೆಗೆ ಕಣ ಬೇಡ, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಎಲ್ಲರೂ ಅದರ ಮೇಲೆ ಒಂದು ಸಲ ಹೋಗುತ್ತಾರೆ. ಬೇರೆ ದಾರಿಯೇ ಇರುವುದಿಲ್ಲ. ಒಬ್ಬ ಹೆಂಗಸು ಕೈಯೆತ್ತಿ, "ಅಣ್ಣಾ, ಇನ್ನೊಂದು ಸುತ್ತು ಓಡ್ಸಣ್ಣ" ಎಂದಳು. ಇವನು ನಿಜಕ್ಕೂ ಗಾಡಿ ತಿರುಗಿಸಿದ! ಹೋದ, ಬಂದ, ಮತ್ತೆ ಹೋದ. ಹೊಟ್ಟು ಹೊಗೆಯಂತೆ ಎದ್ದಿತು.

"ಆ ಹೊಟ್ಟೆಲ್ಲ ರೇಡಿಯೇಟರಿಗೆ ಹೋಗುತ್ತೆ. ನಿಲ್ಲಿಸು" ಎಂದೆ.

"ಇದೊಂದು ಸುತ್ತು ಬುಡಣ್ಣ, ಪಾಪ."

ಹಿಂದೆ ಮಂಚದಿಂದ ಅತ್ತೆ ಕೂಗಿದರು: "ಲೇ, ನನ್ನ ತಮ್ಮನ್ನ ನೋಡಕ್ ಹೊಂಟಿದೀಯೋ, ಯಾರ್ದೋ ಹುರುಳಿ ಬಡಿಯಕ್ ಹೊಂಟಿದೀಯೋ?"

"ಎರಡೂ ಆಯ್ತದೆ ಕಣತ್ತೆಮ್ಮ!"

ಎರಡೂ ಆಗುವ ಹಾಗೆ ಕಾಣಲಿಲ್ಲ. ಮುಂದಿನ ಏರಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಮುಟ್ಟಿತು, ಮುಂದಿನಿಂದ ಹಬೆ ಬಂತು. ಗಾಡಿ ನಿಲ್ಲಿಸಿದವನೇ ಇಳಿದು, ಲುಂಗಿಯ ಅಂಚನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ನಾನು ಅವನ ಕೈಯನ್ನು ಹೊಡೆದು ಸರಿಸಿದೆ. ಆ ಕ್ಷಣ ತೆರೆದಿದ್ದರೆ ಕುದಿಯುವ ನೀರು ಮುಖಕ್ಕೆ ಎರಚುತ್ತಿತ್ತು.

ಅತ್ತೆಯನ್ನು ರಸ್ತೆ ಬದಿಯ ಹೊಂಗೆ ಮರದಡಿ ಮಲಗಿಸಿದೆವು. ಆಚೆ ಒಂದು ಜೀವ ಅಕ್ಕನಿಗಾಗಿ ಕಾಯುತ್ತಿದೆ, ಈಚೆ ಎಂಜಿನ್ ತಣಿಯುವುದಕ್ಕೆ ನಾವು ಕಾಯುತ್ತಿದ್ದೇವೆ. ಅತ್ತೆ ರಸ್ತೆಯನ್ನೇ ನೋಡುತ್ತಿದ್ದರು. ಬೈಯಲು ಕೂಡ ಅವರಿಗೆ ಶಕ್ತಿ ಇರಲಿಲ್ಲ.

ತಣಿದ ಮೇಲೆ ನಾನು ಕೈಹಾಕಿದೆ. ರೇಡಿಯೇಟರಿನ ಮುಖದ ಮೇಲೆ ಹೊಟ್ಟು ಗೋಣಿತಾಟಿನ ಹಾಗೆ ಕೂತಿತ್ತು. ಪಾತ್ರೆ ತಿಕ್ಕುವ ಬ್ರಷ್ಷಿನಿಂದ ಅದನ್ನು ಬಿಡಿಸಿದೆ. ತಗಡಿನ ಎಸಳುಗಳ ಸಂದಿಯಲ್ಲಿ ಸಿಕ್ಕಿಕೊಂಡ ಹುರುಳಿ ಸಿಪ್ಪೆಗೆ ಬ್ರಷ್ಷು ತಾಗುತ್ತಿರಲಿಲ್ಲ. ಅತ್ತೆಯ ಚೀಲದಲ್ಲಿದ್ದ ಹೇನು ತೆಗೆಯುವ ಸೀರಣಿಗೆಯನ್ನು ಕೇಳಿ ತೆಗೆದುಕೊಂಡು, ಎಸಳು ಬಾಗದಂತೆ ಮೇಲಿನಿಂದ ಕೆಳಕ್ಕೆ ಬಾಚಿದೆ. ಕೊನೆಗೆ ಡ್ರಮ್ಮಿನ ನೀರನ್ನು ಪೈಪಿನಲ್ಲಿ ಎಂಜಿನ್ ಕಡೆಯಿಂದ ಬಿಟ್ಟೆ. ಕಪ್ಪು ನೀರು ನನ್ನ ಬಿಳಿ ಅಂಗಿಯ ಮೇಲೆಲ್ಲ ಇಳಿಯಿತು.

ಅಷ್ಟರಲ್ಲಿ ಮರದಡಿ ನಗು ಶುರುವಾಗಿತ್ತು. ಅವನು ಉಪ್ಪಿಟ್ಟು ಮಾಡಿದ್ದ. ಅದೇನು ಹೇಳಿದನೋ, ಅತ್ತೆ ಕಣ್ಣೊರೆಸಿಕೊಂಡು ಅವನ ಬೆನ್ನಿಗೆ ಗುದ್ದುತ್ತಿದ್ದರು. ಗಾಡಿ ಕೆಡಿಸಿದವನು ಅವನು. ಸರಿಮಾಡುತ್ತಿದ್ದ ನನ್ನ ಕಡೆ ಯಾರೂ ತಿರುಗಿರಲಿಲ್ಲ. ಅವನೇ ತಟ್ಟೆ ಹಿಡಿದು ಬಂದ. ನನ್ನ ಕೈ ಮಸಿಯಾಗಿದ್ದದ್ದನ್ನು ನೋಡಿ ಒಂದು ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ತಂದ.

"ಆ ಅನ್ನಣ್ಣ."

"ಕೈ ತೊಳೆದುಕೊಂಡು ತಿಂತೀನಿ" ಎಂದೆ.

ಊರು ಮುಟ್ಟಿದೆವು. ಅತ್ತೆಯ ತಮ್ಮ ಜಗಲಿಯ ಮಂಚದ ಮೇಲಿದ್ದರು. ಅಕ್ಕನನ್ನು ಕಂಡೊಡನೆ, "ಅಕ್ಕಾ, ವಚ್ಚಿನಾವಾ" ಬಂದೆಯಾ ಎಂದು ತೆಲುಗಿನಲ್ಲಿ ಕೇಳುತ್ತ ಅತ್ತರು. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಆ ಮುದುಕರ ಕಣ್ಣು ಬಾಗಿಲಲ್ಲಿ ಮಸಿ ಬಟ್ಟೆಯಲ್ಲಿ ನಿಂತಿದ್ದ ನನ್ನ ಮೇಲೆ ಬಿತ್ತು.

"ಅಮ್ಮಾ, ಮೊದ್ಲು ಆ ಕ್ಲೀನರ್‌ಗೆ ಅನ್ನಂ ಪೆಟ್ಟಂಡಿ, ಇಕ್ರಿ. ಪಾಪಂ, ಈ ವಯಸ್ನಾಗೂ ದುಡೀತಾನೆ."

ಮನೆಯೆಲ್ಲ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಷಡ್ಡಕ ಮಾತ್ರ ಎದ್ದು ನಿಂತ.

"ಮಾಮಾ, ಅವ್ರು ದೊಡ್ಡಳಿಯ! ಮಿಲಿಟ್ರಿಯೋರು. ಇವತ್ತು ಅವ್ರಿಲ್ದಿದ್ರೆ ನನ್ ಮೂತಿ ಬೆಂದೋಗದು, ನಿಮ್ಮಕ್ಕ ಆ ಮರದಡೀಲೇ ಇರೋಳು. ಕ್ಲೀನರ್ ನಾನು ಕಣ್ ಮಾಮಾ, ಇಕ್ಸಿ ನಂಗೆ!"

ಆಮೇಲೆ ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದ. ಹಬೆಯಾದ, ಬಾನೆಟ್ಟಾದ, ಅವನ ಕೈಗೆ ಹೊಡೆಯುವ ನಾನೂ ಆದ. ಒಂದು ಮಾತೂ ಸುಳ್ಳಲ್ಲ. ನನಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚೇ ಹೊಗಳಿದ. ಆದರೆ ಮನೆಯವರೆಲ್ಲ ಕಣ್ಣರಳಿಸಿ ನೋಡುತ್ತಿದ್ದದ್ದು ಹೊಗಳುತ್ತಿದ್ದವನನ್ನು. ಇಡೀ ದಿನದಲ್ಲಿ ನನ್ನದೆಂದು ಇದ್ದದ್ದು ಅದೊಂದು ಕೆಲಸ. ಅದನ್ನೂ ಅವನು ಕೈಯಲ್ಲಿ ಹಿಡಿದು ಎಲ್ಲರಿಗೂ ಹಂಚಿಬಿಟ್ಟ. ಅತ್ತೆ ನನಗೆ ಕೈಮುಗಿದು, "ದೊಡ್ಡೋರು ನೀವು, ನಿಮ್ಮಿಂದ ಬಂದೆ" ಎಂದರು. ಅವನ ತಲೆಗೊಂದು ಮೊಟಕಿದರು. ಆ ಮೊಟಕು ಸಿಗುವುದಾದರೆ ಕೈಮುಗಿದದ್ದನ್ನು ಆಗಲೇ ಹಿಂದಿರುಗಿಸಿಬಿಡುತ್ತಿದ್ದೆ.

ಅಕ್ಕತಮ್ಮನ ಕೊನೆಯ ಭೇಟಿ ಅದು. ಯುಗಾದಿಗೆ ಮೊದಲೇ ತಮ್ಮ ತೀರಿಕೊಂಡರು.

ನನ್ನ ಷಡ್ಡಕ ಹೋದದ್ದು ಕಳೆದ ಮಳೆಗಾಲದಲ್ಲಿ. ತಿಂಡಿಗೆ ಕೂತವನು ಗೋಡೆಗೆ ಒರಗಿದ, ಅಷ್ಟೆ. ಅವನ ಹೆಂಡತಿ ಗಾಡಿಯ ಕೀಲಿಯನ್ನು ನನ್ನ ಕೈಗಿಟ್ಟು, "ನಿಮ್ ಕೈಲಿದ್ರೆ ಚೆನ್ನಾಗಿರ್ತದೆ ಭಾವ" ಎಂದಳು. ನಿಜ, ಚೆನ್ನಾಗಿಯೇ ಇದೆ. ರೇಡಿಯೇಟರಿನಲ್ಲಿ ದೂಳಿಲ್ಲ. ಮುಳ್ಳು ಅಲುಗುವುದಿಲ್ಲ. ಆದರೆ ಹತ್ತುವವರಿಲ್ಲ. "ಎಲ್ಲಿಗಾದರೂ ಹೋಗೋಣವೇ" ಎಂದು ಕೇಳಿದರೆ ನನ್ನ ಹೆಂಡತಿ, "ಕಾರೇ ಸಾಕು ಬಿಡಿ" ಎನ್ನುತ್ತಾಳೆ.

ಅತ್ತೆ ಈಗ ಮಧುಗಿರಿಯಲ್ಲಿ ನಮ್ಮೊಡನೆ ಇದ್ದಾರೆ. ನೆನಪು ಒಂದು ದಿನ ಇರುತ್ತದೆ, ಒಂದು ದಿನ ಇಲ್ಲ. ಮೊನ್ನೆ ಊಟದ ಹೊತ್ತಿಗೆ ಸರಿಯಾಗಿ, ಬಸ್ಸಿನೊಳಗೆ ಮಲಗಬೇಕೆಂದು ಹಟ ಹಿಡಿದರು. ಒಯ್ದು ಮಂಚದ ಮೇಲೆ ಮಲಗಿಸಿದೆವು. ಹೆಂಡತಿ ಅವರ ಕಾಲ ಬಳಿ ಕೂತಳು. ನಾನು ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂತೆ.

"ಯಾಕ್ಲಾ ನಿಲ್ಸ್ಕಂಡ್ ಕುಂತಿದೀಯಾ?" ಎಂದರು ಅತ್ತೆ, ನನ್ನ ಬೆನ್ನಿಗೆ. "ಹಾಳಾದೋನೆ, ಉಣ್ಣೋದೊಂದೇ ಗ್ಯಾನ ನಿಂಗೆ. ಓಡ್ಸು!"

ಹೆಂಡತಿ, "ಅಮ್ಮಾ, ಅವರು..." ಎಂದು ತಿದ್ದಲು ಹೊರಟಳು. ನಾನು ಕೈ ಅಡ್ಡ ಹಿಡಿದು ತಡೆದೆ.

"ಆಯ್ತು ಅತ್ತೆಮ್ಮ" ಎಂದೆ. ಅಲ್ಲಿಯವರೆಗೆ ಅವರನ್ನು ಹಾಗೆ ಕರೆದವನಲ್ಲ.

ಗಾಡಿ ತೆಗೆದೆ. ಮೇಜಿನ ಮೇಲೆ ಊಟ ಆರಿತು. ದೊಡ್ಡೇರಿ ರಸ್ತೆಯುದ್ದಕ್ಕೂ ಅತ್ತೆ ಬೈದರು, ನನ್ನ ಹೊಟ್ಟೆಯನ್ನು, ನನ್ನ ಸೋಮಾರಿತನವನ್ನು, ನಾನು ಹಳ್ಳಕ್ಕಿಳಿಸಿದ ಚಕ್ರವನ್ನು. ನಿದ್ದೆ ಬರುವವರೆಗೂ ಬಿಡಲಿಲ್ಲ. ಅವಷ್ಟೂ ಅವನಿಗೆ ಸೇರಬೇಕಾದ ಬೈಗುಳ. ಒಂದನ್ನೂ ಬಿಡದೆ ನಾನೇ ಇಟ್ಟುಕೊಂಡೆ.