‘ರಿ’ ಹಚ್ಚಿಕೊಂಡು ಬಂದ ಹಣ್ಣು

ಬಾಗಲಕೋಟೆಯಿಂದ ಮೊಮ್ಮಗಳು ತಂದ ಕೇಕಿನ ನೆತ್ತಿಯ ಮೇಲೆ ಒಂದೇ ಒಂದು ಕೆಂಪು ಚೆರ್ರಿ ಕುಳಿತಿದೆ. ಸುತ್ತಲಿನ ಕೆನೆಯೆಲ್ಲ ಖಾಲಿಯಾದರೂ ಅದನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿಲ್ಲ. ಈ ಹಣ್ಣಿಗೆ ಇಷ್ಟು ಮರ್ಯಾದೆ ಏಕೆಂದು ಕೇಳುತ್ತೀರಾದರೆ, ಓದುಗರೇ, ಕಾರಣ ರುಚಿಯಲ್ಲಿಲ್ಲ, ವ್ಯಾಕರಣದಲ್ಲಿದೆ. ಬರ್ರಿ, ಕೂಡ್ರಿ, ಉಣ್ರಿ ಎಂದು ಮಾತಿನ ಕೊನೆಗೊಂದು ‘ರಿ’ ಹಚ್ಚಿ ಗೌರವಿಸುವ ನಮ್ಮ ನಾಡಿನಲ್ಲಿ, ಹುಟ್ಟುವಾಗಲೇ ‘ರಿ’ ಹಚ್ಚಿಕೊಂಡು ಬಂದ ಹಣ್ಣು ಇದೊಂದೇ ಎಂದು ಬಹಳ ಕಾಲ ನಂಬಿದ್ದೆ.

ಕಳೆದ ಶತಮಾನಕ್ಕೆ ಆಗಷ್ಟೇ ನಡುವಯಸ್ಸು ಬಂದಿದ್ದಾಗ ನನ್ನಪ್ಪ ಹುನಗುಂದದಲ್ಲಿ ವಕೀಲರು. ಹೆಣ್ಣುಮಗಳನ್ನು ದೂರದ ಕಾನ್ವೆಂಟಿಗೆ ಕಳಿಸಿ ಊರ ಬಾಯಿಗೆ ಧಾರಾಳ ಮೇವು ಒದಗಿಸಿದ್ದರು. ನಾನು ಮರಳುವಾಗ ತಂದದ್ದು ಮೂಗಿನಿಂದ ಹೊರಡುವ ಇಂಗ್ಲಿಷು, ಮತ್ತು ಐರ್ಲೆಂಡಿನ ಸಿಸ್ಟರೊಬ್ಬರು ಕರ್ಚೀಫಿನಲ್ಲಿ ಕಟ್ಟಿಕೊಟ್ಟ ವೈಲ್ಡ್ ಚೆರ್ರಿಯ ಬೀಜಗಳು. ಹಿತ್ತಲಿನ ಕುಂಡದಲ್ಲಿ ಅವನ್ನು ಊರಿ, ದಿನವೂ ಗುಡ್‌ಮಾರ್ನಿಂಗ್ ಹೇಳಿ ನೀರೆರೆದೆ. ತಿಂಗಳುಗಟ್ಟಲೆ ಮೌನವಾಗಿದ್ದ ಮಣ್ಣಿನಿಂದ ಕೊನೆಗೊಂದು ಸಸಿ ಎದ್ದಿತು. ಎಲೆಯ ಬೆನ್ನು ಬೆಳ್ಳಗಿತ್ತು. ಯುರೋಪಿನ ಸಂತಾನ, ಮೈಬಣ್ಣ ಎಲ್ಲಿ ಹೋದೀತು ಎಂದುಕೊಂಡೆ. ಆಮೇಲೆ ಮುಳ್ಳು ಮೂಡಿತು. ನನ್ನ ಬಾಟನಿ ಪುಸ್ತಕದ ಚೆರ್ರಿಗೆ ಮುಳ್ಳಿರಲಿಲ್ಲವಾದ್ದರಿಂದ, ಇದು ಕ್ಲೈಮೇಟಿನ ದೋಷವೆಂದು ತೀರ್ಮಾನಿಸಿದೆ.

ತೋಟ ನೋಡಿಕೊಳ್ಳುತ್ತಿದ್ದ ಮುದುಕ ಹುಸೇನಸಾಬ ಅದನ್ನು ಕರೆಯಲೂ ಅಂಜುತ್ತಿದ್ದ. “ತಂಗೆವ್ವಾ, ಗಿಡಾ ಇನ್ನೂ ಸಣ್ಣದೈತಿ. ಬರೇ ‘ಚೆರ್’ ಅಂದ್ರ ನಡೀತೈತೇನು?”

“ಇಲ್ಲ, ಚೆರ್ರಿ ಅನಬೇಕು.”

“ಆತು ಬಿಡವಾ, ಸಾಹೇಬ್ರ ಊರಿಂದು. ಗಿಡಕ್ಕೂ ರಿ!”

ಎರಡು ವರ್ಷಕ್ಕೆ ಸಸಿ ಸೊಂಟದೆತ್ತರ ಬೆಳೆಯಿತು. ಅದನ್ನು ನೆಲಕ್ಕಿಳಿಸಲು ಒಳ್ಳೆಯ ಬಿಸಿಲಿನ ಜಾಗ ಬೇಕಿತ್ತು. ಆ ಜಾಗದಲ್ಲಿ ಅವ್ವನ ಬಾರಿಗಿಡವಿತ್ತು; ಬೇರೆ ಕಡೆಯವರು ಬೋರೆ, ಎಲಚಿ ಎನ್ನುವುದು ಇದನ್ನೇ. ಮದುವೆಯಾಗಿ ಬರುವಾಗ ಚೊಳಚಗುಡ್ಡದ ತವರಿನಿಂದ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಅವಳು ಊರಿದ್ದ ಗಿಡ ಅದು. ಅದರ ಹಣ್ಣನ್ನು ಬೆಲ್ಲ, ಉಪ್ಪು, ಖಾರದೊಡನೆ ಕುಟ್ಟಿ ಮಾಳಿಗೆಯ ಮೇಲೆ ಒಣಗಿಸಿಟ್ಟರೆ ಅಪ್ಪನ ಕಕ್ಷಿದಾರರು ಅದನ್ನು ಚಪ್ಪರಿಸುತ್ತ ತಮ್ಮ ವ್ಯಾಜ್ಯವನ್ನೇ ಮರೆಯುತ್ತಿದ್ದರು. ತವರಿನಲ್ಲಿ ಆಗ ಯಾರೂ ಉಳಿದಿರಲಿಲ್ಲ; ಅವ್ವನಿಗೆ ತವರೆಂದರೆ ಆ ಗಿಡವೇ. ನಾನಾದರೋ ‘ಜಂಗಲ್ ಫ್ರೂಟ್’ ಎಂದು ಮೂಗು ಮುರಿದು, ಕಡಿಯಬೇಕೆಂದು ತೀರ್ಪಿತ್ತೆ. ವೈಲ್ಡ್ ಎಂದರೂ ಕಾಡಿನದೇ ಎಂಬುದು ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿ ಕಾಡೂ ಇಸ್ತ್ರಿ ಮಾಡಿದಂತೆ ಕೇಳಿಸುತ್ತದೆ. ಮಗಳ ಇಂಗ್ಲಿಷಿಗೆ ಮಾರುಹೋಗಿದ್ದ ಅಪ್ಪ ಅಪೀಲಿಗೂ ಅವಕಾಶ ಕೊಡಲಿಲ್ಲ.

ಹುಸೇನಸಾಬ ಕೊಡಲಿ ಹಿಡಿದು ಬಂದ. “ಅವ್ವಾರ, ಕೈ ಏಳವಲ್ದು ನೋಡ್ರಿ,” ಎಂದು ನಿಂತುಬಿಟ್ಟ.

ಅವ್ವ ಬಾರಿಯ ಒಂದು ಟೊಂಗೆ ಮುರಿದು ತಂದು ನನ್ನ ಕುಂಡದ ಸಸಿಯ ಪಕ್ಕಕ್ಕೆ ಹಿಡಿದಳು. ಅದೇ ಎಲೆ, ಅದೇ ಬಿಳಿಯ ಬೆನ್ನು, ಅದೇ ಮುಳ್ಳು.

“ನಿನ್ನ ಬೀಜ ಕೊಳತು ಹೋಗಿದ್ದೂ. ನೀ ದಿನಾ ಬರೇ ಮಣ್ಣಿಗೆ ಗುಡ್‌ಮಾರ್ನಿಂಗ್ ಅಂತಿದ್ದಿ. ನೋಡಾಕಾಗಲಿಲ್ಲ. ನಾನ ಈ ಬಾರಿಗಿಡದ್ದು ಒಂದು ಬೀಜ ಊರಿದೆ.”

“ಎರಡು ವರ್ಷ ಯಾಕ ಹೇಳಲಿಲ್ಲ ಅವ್ವಾ?”

“ನೀ ಕಲತಾಕಿ. ಇವತ್ತ ತಿಳದೀತು, ನಾಳಿಗೆ ತಿಳದೀತು ಅಂತ ಕಾದೆ.”

ಕಾನ್ವೆಂಟಿನ ಯಾವ ಪರೀಕ್ಷೆಯಲ್ಲೂ ನಾನು ಹೀಗೆ ಫೇಲಾಗಿರಲಿಲ್ಲ.

“ಹಂಗಾರ ಇನ್ನ ಮ್ಯಾಲೆ ಇದಕ್ಕ ರಿ ಬಿಡ್ಲೇನ್ರಿ, ಅವ್ವಾರ?” ಎಂದ ಹುಸೇನಸಾಬ.

“ಯಾಕ ಬಿಡ್ತಿಯಪಾ? ಬಾ ಅಂದು ರಿ ಹಚ್ಚು, ಬಾರಿ ಆಗೂದಿಲ್ಲೇನು?”

ಸಸಿಯನ್ನು ಅದರ ತಾಯಿಯ ಪಕ್ಕದಲ್ಲೇ ನೆಟ್ಟೆವು. ಊರಿನವರು ಮಾತ್ರ ಅದರ ಹಣ್ಣು ಕದ್ದು ತಿನ್ನುತ್ತ, ವಕೀಲರ ಮಗಳ ಚೆರ್ರಿಗೆ ಬಾರಿಗಿಂತ ರುಚಿ ಹೆಚ್ಚೆಂದು ವಾದಿಸುತ್ತಲೇ ಇದ್ದರು. ನಾನು ಮದುವೆಯಾಗಿ ಇಳಕಲ್ಲಿಗೆ ಹೊರಟ ದಿನ ಅವ್ವ ನನ್ನ ಸೆರಗಿನ ತುದಿಗೆ ಏನನ್ನೋ ಗಂಟು ಹಾಕಿದಳು. ಬಿಚ್ಚಿ ನೋಡಬೇಕಾಗಿರಲಿಲ್ಲ; ಬೆರಳಿಗೆ ಗಟ್ಟಿಯಾಗಿ, ದುಂಡಗೆ ತಾಗಿತು.

ಮೊಮ್ಮಗಳು ಈಗ ತಾನೇ ನಗುತ್ತ ಹೇಳುತ್ತಿದ್ದಾಳೆ: ಕೇಕಿನ ಮೇಲಿರುವುದು ಚೆರ್ರಿಯೇ ಅಲ್ಲವಂತೆ, ನಮ್ಮ ಬೇಲಿಯ ಕವಳಿಕಾಯಿಯನ್ನೇ ಸಕ್ಕರೆಯಲ್ಲಿ ಕುದಿಸಿ ಬಣ್ಣ ಹಾಕುತ್ತಾರಂತೆ. ನಾನು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡೆ. “ನೀನೂ ನಮ್ಮಾಕೀನ ಏನವಾ? ಬಾ,” ಎಂದು ಬಾಯಿಗೆ ಹಾಕಿಕೊಂಡೆ.

ರಿ ಹಚ್ಚಲಿಲ್ಲ.